ಕಡಲಾಚೆಯಿಂದ ಓದಿದ ನಕ್ಷೆ

ಟಿಪ್ಪಣಿ ಪುಸ್ತಕದಲ್ಲಿ ನನಗೆ ಬೇಕಾಗಿದ್ದ ಹಾಳೆಯನ್ನು ಗೆದ್ದಲು ತಿಂದಿತ್ತು. ಹಿಂದಿನ ಹಾಳೆ ಇತ್ತು, ಮುಂದಿನದೂ ಇತ್ತು. ನಡುವೆ ಮಣ್ಣಿನ ತೆಳು ಗೆರೆಯೊಂದು, ಊದಿದರೆ ಹಾರಿಹೋಗುವಂಥದ್ದು. ಸಂಕ್ರಾಂತಿ ಕಳೆದ ವಾರ, ಕಚೇರಿಯ ದಾಖಲೆ ಕೋಣೆಯಲ್ಲಿ ಆ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ನಾನು ಬಹಳ ಹೊತ್ತು ನಿಂತಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆಗ ಸರ್ವೆಯರ್ ಆಗಿದ್ದೆ. ಜಮೀನು ಅಳೆಯುವುದು, ಗಡಿಯ ಬಾಂದು ಕಲ್ಲು ಹುಡುಕುವುದು, ಅಳೆದದ್ದನ್ನು ಬರೆದಿಡುವುದು ನನ್ನ ಕೆಲಸ. ಟಿಪ್ಪಣಿ ಎಂದರೆ ನಮಗೆ ಆಧಾರ. ಹಿಂದಿನವರು ಯಾವ ಹೊಲವನ್ನು ಎಲ್ಲಿಂದ ಎಲ್ಲಿಗೆ ಅಳೆದರು ಎನ್ನುವ ಗುರುತೆಲ್ಲ ಅದರಲ್ಲಿರುತ್ತದೆ. ಅದೇ ಇಲ್ಲದಿದ್ದರೆ ಸರ್ವೆಯರ್ ಎನ್ನುವವನು ಬಿಸಿಲಲ್ಲಿ ಅಳತೆಯ ಸರಪಳಿ ಹಿಡಿದು ನಿಂತ ಒಬ್ಬ ದಾರಿಹೋಕ, ಅಷ್ಟೆ.

ದೇವಲಾಪುರದ ಆಚೆ, ಒಂದು ಕಲ್ಲುಗುಡ್ಡದ ಕೆಳಗೆ ಎರಡು ಊರು. ಹೆಸರು ಬರೆಯುವುದಿಲ್ಲ. ಮೂಡಲೂರು, ಪಡುವಲೂರು ಎಂದಿಟ್ಟುಕೊಳ್ಳೋಣ. ಗುಡ್ಡದಿಂದ ಇಳಿಯುವ ಹಳ್ಳ ಒಂದೇ. ಅದು ಎಲ್ಲೋ ಒಂದು ಕಡೆ ಎರಡಾಗಿ ಒಡೆದು ಎರಡೂ ಊರಿನ ಕೆರೆಗಳಿಗೆ ಹೋಗುತ್ತಿತ್ತಂತೆ. ಒಡೆಯುವ ಜಾಗದಲ್ಲಿ ಒಂದು ಕಲ್ಲು ಇತ್ತಂತೆ. ಅದನ್ನು ಕಣ್ಣಾರೆ ನೋಡಿದವರು ಯಾರೂ ಬದುಕಿರಲಿಲ್ಲ. ಹೂಳು ತುಂಬಿ, ಹಳ್ಳ ದಾರಿ ಬದಲಿಸಿ, ಈಗ ಮಳೆ ಬಂದಾಗ ಯಾರು ಮೊದಲು ಗುದ್ದಲಿ ಹಿಡಿದು ಓಡುತ್ತಾರೋ ಅವರ ಕಡೆಗೆ ನೀರು. ಹಿಂದಿನ ಚಿತ್ತೆ ಮಳೆಯಲ್ಲಿ ಎರಡೂ ಕಡೆಯವರು ಒಟ್ಟಿಗೇ ಓಡಿದ್ದರು. ಪಡುವಲೂರಿನ ಒಬ್ಬನ ತೋಳು ಮುರಿಯಿತು. ಮೂಡಲೂರಿನ ಒಬ್ಬನ ಕಣ್ಣು ಹೋಯಿತು. ಅದಕ್ಕೂ ಮೂರು ವರ್ಷ ಮೊದಲೇ ಎರಡೂರುಗಳ ನಡುವೆ ಹೆಣ್ಣು ಕೊಟ್ಟು ತರುವುದು ನಿಂತಿತ್ತು. ಮುಂದಿನ ಮಳೆಗಾಲಕ್ಕೆ ಹೆಣ ಬೀಳುತ್ತದೆ ಎಂದು ಎರಡೂ ಊರಿನವರು ನನಗೆ ಹೇಳಿದರು, ಮಳೆ ಬರುತ್ತದೆ ಎಂದು ಹೇಳುವಷ್ಟೇ ಸಹಜವಾಗಿ.

ಮೂಡಲೂರಿನ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅವರ ಮಾತು ಒಂದೇ: "ನಮ್ ತಾತ ಏಳ್ತಿದ್ದ ಸಾ, ಮೊದ್ಲ ನೀರು ನಮ್ದು. ಅದ್ರಲ್ಲಿ ಮಾತೇ ಇಲ್ಲ."

ಪಡುವಲೂರಿನ ಪರವಾಗಿ ಮಾತಾಡುತ್ತಿದ್ದವರು ಅಲ್ಲಿನ ಹಾಲಿನ ಡೈರಿಯ ಸೆಕ್ರೆಟರಿ. ನಲವತ್ತರ ಆಸುಪಾಸು, ಜೇಬಿನಲ್ಲಿ ಎರಡು ಪೆನ್ನು. "ದೊಡ್ಡ ನೀರು ನಮ್ದು ಸಾರ್. ನಮ್ ಕೆರೆ ದೊಡ್ದು, ಅದ್ಕೇ ದೊಡ್ಡ ನೀರು. ಅವ್ರು ಸುಳ್ಳಾಡ್ತಾವ್ರೆ."

ನನ್ನ ಮೇಲಧಿಕಾರಿ ಮಳೆಗಾಲಕ್ಕೆ ಮೊದಲು ವರದಿ ಬೇಕು ಎಂದಿದ್ದರು. ಇನ್ನೊಂದು ಪ್ರತಿ ಇರಬಹುದಾದ ಕಡೆಯಲ್ಲೆಲ್ಲ ಹುಡುಕಿದೆ. ಎಲ್ಲೂ ಇರಲಿಲ್ಲ. ಹಳ್ಳದ ಗುಂಟ ನಡೆದು ನೋಡಿದೆ. ಎಲ್ಲಿ ನೋಡಿದರೂ ಲಂಟಾನ ಪೊದೆ, ಹುರುಳಿ ಕಿತ್ತ ಹೊಲ, ನುಣ್ಣನೆಯ ಮರಳು.

ಆ ನಡಿಗೆಯಲ್ಲೇ ಒಂದು ಮಧ್ಯಾಹ್ನ ಪಡುವಲೂರಿನ ಒಬ್ಬ ಹೆಣ್ಣುಮಗಳು ನನ್ನನ್ನು ಮಾತಾಡಿಸಿದಳು. ಸೌದೆ ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮೂಡಲೂರಿನ ಕಡೆ ಕೈ ತೋರಿಸಿದಳು.

"ಅಲ್ಲಿ ಎರಡು ತೆಂಗಿನ ಮರ ಕಾಣ್ತಾವಲ್ಲ ಸಾ, ಅದು ನಮ್ಮವ್ವನ ಮನೆ. ನಾಕು ವರ್ಸ ಆಯ್ತು ನಾ ಓಗಿ. ಅವ್ವಂಗೆ ಹುಸಾರಿಲ್ವಂತೆ. ಬೆಳಿಗ್ಗೆ ಒಲೆ ಒಗೆ ಏಳಾದು ಕಾಣ್ತದೆ. ಒಗೆ ಎದ್ರೆ ಅವ್ವ ಅವ್ಳೆ ಅಂತ ಅಂದ್ಕತೀನಿ."

ಅವಳು ಹೊರೆ ಎತ್ತಿಕೊಂಡು ಹೋದಳು. ಮರುದಿನದಿಂದ ನಾನೂ ಆ ಎರಡು ತೆಂಗಿನ ಮರಗಳ ಕಡೆ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ.

ನಾನು ಪಾಂಡವಪುರದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ನಮ್ಮ ಬೀದಿಯಲ್ಲೇ ಒಂದು ಟೈಪಿಂಗ್ ಶಾಲೆ. ನಡೆಸುತ್ತಿದ್ದಾಕೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಹನ್ನೆರಡು ಟೈಪ್‌ರೈಟರುಗಳ ಆ ಕೋಣೆಯ ಮೂಲೆಗೆ ಹಿಂದಿನ ವರ್ಷ ಒಂದು ಕಂಪ್ಯೂಟರ್ ಬಂದಿತ್ತು. ಫೋನಿನ ತಂತಿಯನ್ನು ಒಂದು ಪೆಟ್ಟಿಗೆಗೆ ಸಿಕ್ಕಿಸಿ ಮೈಸೂರಿನ ನಂಬರಿಗೆ ಡಯಲ್ ಮಾಡಿದರೆ, ಪೆಟ್ಟಿಗೆ ಮೊದಲು ಕಿರುಚಿ, ಆಮೇಲೆ ಗಂಟಲು ಕೆರೆದುಕೊಂಡು, ಕೊನೆಗೆ ಸುಮ್ಮನಾಗುತ್ತಿತ್ತು. ಸುಮ್ಮನಾದರೆ ಇಂಟರ್ನೆಟ್ಟು ಸಿಕ್ಕಿತು ಎಂದರ್ಥ. ಚಿತ್ರ ಬರುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಹಸಿರು ಇಂಗ್ಲಿಷ್ ಅಕ್ಷರಗಳು ಮಾತ್ರ.

ಗೆದ್ದಲಿನ ಕಥೆ ಕೇಳಿ ಮೇಡಂ, "ಒಂದ್ ಕಾಗ್ದ ಬರೀರಿ, ಕಳಿಸೋಣ," ಎಂದರು.

"ಯಾರಿಗೆ?"

"ಯಾರಿಗೋ. ಅದೇ ಇದ್ರ ಚಂದ."

ಹಳೆಯ ನಕ್ಷೆಗಳ ಬಗ್ಗೆ ಆಸಕ್ತಿ ಇರುವವರ ಒಂದು ಬಳಗವನ್ನು ಅವರು ಹುಡುಕಿದರು. ಅದರ ವಿಳಾಸಕ್ಕೆ ಒಂದು ಪತ್ರ ಹಾಕಿದರೆ ಯಾವ ಯಾವ ದೇಶದಲ್ಲೋ ಇರುವ ಬಳಗದವರಿಗೆಲ್ಲ ಅದು ತಲುಪುತ್ತಿತ್ತು. ನಾನು ಬರೆದೆ: ಹೀಗೆ ಎರಡು ಊರು, ಹೀಗೊಂದು ಹಳ್ಳ, ಒಂದು ಕಲ್ಲು ಕಳೆದಿದೆ. ಟಿಪ್ಪುವಿನ ಕಾಲ ಮುಗಿದ ಮೇಲೆ ಕುಂಪಣಿಯವರು ನಮ್ಮ ಸೀಮೆಯನ್ನೆಲ್ಲ ಅಳೆಸಿದರು ಎನ್ನುತ್ತಾರೆ. ಆ ನಕ್ಷೆಗಳು ನಿಮ್ಮ ಕಡೆ ಎಲ್ಲಾದರೂ ಇದ್ದರೆ ಯಾರಾದರೂ ನೋಡಿ ಹೇಳಬಲ್ಲಿರಾ? ಮೇಡಂ ನನ್ನ ಇಂಗ್ಲಿಷನ್ನು ಎರಡು ಕಡೆ ತಿದ್ದಿ ಕಳಿಸಿದರು. ಹೊರಗೆ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಕಬ್ಬಿನ ಗಾಡಿಗಳ ಸಾಲು. ಕಾಕಂಬಿಯ ಸಿಹಿ ವಾಸನೆ ಕೋಣೆಯ ತುಂಬ ಇತ್ತು. ಆ ವಾಸನೆಯೂ ತಂತಿಯಲ್ಲಿ ಹೊರಟುಹೋಯಿತೇನೋ ಎನ್ನಿಸಿತ್ತು ನನಗೆ.

ಮುಂದಿನ ಭಾನುವಾರ ಬೆಳಗ್ಗೆ ಹೋದಾಗ ಹನ್ನೊಂದು ಪತ್ರಗಳು ಕಾದಿದ್ದವು. ಹತ್ತು ಪತ್ರಗಳು ಶುಭ ಹಾರೈಸಿದ್ದವು. ಹನ್ನೊಂದನೆಯದು ಇಂಗ್ಲೆಂಡಿನ ಒಬ್ಬ ಮಹಿಳೆಯದು. ನಿವೃತ್ತ ಶಾಲಾ ಶಿಕ್ಷಕಿ. ತಾನು ಇರುವ ಊರಿನಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಅಂಥ ನಕ್ಷೆಗಳಿರುವ ಗ್ರಂಥಾಲಯವಿದೆ, ಮಂಗಳವಾರ ಹೋಗಿ ನೋಡುತ್ತೇನೆ ಎಂದು ಬರೆದಿದ್ದರು. ಎರಡು ಮಂಗಳವಾರ ಕಳೆದ ಮೇಲೆ ಇನ್ನೊಂದು ಪತ್ರ: ಸಿಕ್ಕಿತು. ಒಂದು ಮೈಲಿಗೆ ನಾಲ್ಕು ಅಂಗುಲದ ಅಳತೆ. ಎರಡು ಕೆರೆಗಳಿಗೂ ನೀಲಿ ಬಣ್ಣ ಹಚ್ಚಿದ್ದಾರೆ. ಹಳ್ಳ ಎರಡಾಗುವ ಕಡೆ ಒಂದು ಚಿಕ್ಕ ಕಪ್ಪು ಚೌಕವಿದೆ.

ಮೇಡಂ ಅದನ್ನೇ ಮೂರು ಸಲ ಗಟ್ಟಿಯಾಗಿ ಓದಿದರು.

ನಕ್ಷೆಯ ಚಿತ್ರ ಕಳಿಸಲು ಆಕೆ ಪ್ರಯತ್ನಪಟ್ಟರು. ನಮ್ಮ ತಂತಿಯಲ್ಲಿ ಅದು ಬರಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಸಂಪರ್ಕ ಕಡಿದುಹೋಗುತ್ತಿತ್ತು. ಅಂಚೆಯಲ್ಲಿ ಒಂದು ಪ್ರತಿಯನ್ನೂ ಕಳಿಸಿದರು. ಅದು ಎಂದೂ ಬರಲಿಲ್ಲ. ಅದಕ್ಕೆ ಕಾಯುತ್ತ ಕೂರದೆ ಆಕೆ ಒಂದು ಉಪಾಯ ಹೂಡಿದರು. ಚೌಕುಳಿ ಗೆರೆಗಳಿದ್ದ ತೆಳು ಹಾಳೆಯನ್ನು ನಕ್ಷೆಯ ಪ್ರತಿಯ ಮೇಲೆ ಹಾಸಿ, ಹಳ್ಳ ಯಾವ ಯಾವ ಚೌಕದಲ್ಲಿ ಹಾದುಹೋಗುತ್ತದೆ ಎಂದು ಓದಿ, ಅಂಕಿಗಳಲ್ಲಿ ಬರೆದು ಕಳಿಸುವುದು. ನಾನು ಇಲ್ಲಿ ಅಂಥದೇ ಚೌಕುಳಿ ಹಾಳೆಯ ಮೇಲೆ ಚುಕ್ಕೆ ಇಟ್ಟು ಸೇರಿಸುವುದು.

ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಭಾನುವಾರಗಳು ಹೀಗೆ ಹೋದವು. ಮೇಡಂ ಪರದೆ ನೋಡಿ ಓದುವರು: "ಅಡ್ಡಸಾಲು ಹದಿನಾಲ್ಕು, ಕಂಬಸಾಲು ಇಪ್ಪತ್ತೆರಡು. ಹಳ್ಳ ಎಡಕ್ಕೆ ತಿರುಗುತ್ತದೆ. ಪಕ್ಕದಲ್ಲಿ ಮೂರು ಮರ ಬರೆದಿದ್ದಾರೆ, ತಾಳೆಯಿರಬೇಕು." ನಾನು ಪೆನ್ಸಿಲಿನಿಂದ ಚುಕ್ಕೆ ಇಡುವೆ. ನೋಡನೋಡುತ್ತ ಬಿಳಿ ಹಾಳೆಯ ಮೇಲೆ ಒಂದು ಹಳ್ಳ ತೆವಳತೊಡಗಿತು. ಕೆಲವು ಸಲ ಆಕೆಯ ಅಂಕಿಗಳ ನಡುವೆ ಒಂದೆರಡು ಬೇರೆ ಮಾತು ಇರುತ್ತಿದ್ದವು. ಇಂದು ಇಲ್ಲಿ ಹಿಮ ಬೀಳುತ್ತಿದೆ, ಗ್ರಂಥಾಲಯದಲ್ಲಿ ನಾನೊಬ್ಬಳೇ ಇದ್ದೆ, ನಿಮ್ಮ ಹಳ್ಳದ ಪಕ್ಕ ನಡೆದಂತೆಯೇ ಆಯಿತು. ಅದನ್ನು ಓದುವಾಗ ನಮ್ಮ ಕೋಣೆಯ ಹೆಂಚಿನ ಸಂದಿನಿಂದ ಬಿಸಿಲು ಟೈಪ್‌ರೈಟರುಗಳ ಮೇಲೆ ಬಿದ್ದಿರುತ್ತಿತ್ತು. ಅಲ್ಲಿನ ಹಿಮ, ಇಲ್ಲಿನ ಬಿಸಿಲು, ನಡುವೆ ಇನ್ನೂರು ವರ್ಷ ಹಳೆಯದೊಂದು ಹಳ್ಳ. ನಾನು ಎಚ್ಚರವಿದ್ದೇನೆಯೇ ಎಂದು ಅನುಮಾನ ಬರುತ್ತಿತ್ತು.

ಬಳಗದಲ್ಲಿ ಈ ನಡುವೆ ಜಗಳ ಹತ್ತಿಕೊಂಡಿತ್ತು. ಆ ನಕ್ಷೆಗಳನ್ನು ಗೆದ್ದವರು ಹೊತ್ತುಕೊಂಡು ಹೋದದ್ದು, ಮೊದಲು ವಾಪಸು ಕೊಡಲಿ ಎಂದು ಒಬ್ಬ. ಆ ದೇಶದವರು ಮೊದಲಿಂದಲೂ ಯುದ್ಧ ಮಾಡಿಕೊಂಡಿದ್ದವರೇ, ನಕ್ಷೆ ಕೊಟ್ಟರೂ ಹೊಡೆದಾಡುತ್ತಾರೆ ಎಂದು ಇನ್ನೊಬ್ಬ. ಅದಕ್ಕೊಬ್ಬರ ಉತ್ತರ, ಆ ಉತ್ತರಕ್ಕೆ ಬೈಗುಳ. ಒಂದು ಭಾನುವಾರ ಅರವತ್ತು ಪತ್ರ ಬಂದಿದ್ದವು. ಒಂದನ್ನು ಬಿಟ್ಟು ಅಷ್ಟೂ ಜಗಳ. ಅವುಗಳ ನಡುವೆ ಆಕೆಯದೊಂದು: ಅಡ್ಡಸಾಲು ಹದಿನೇಳು, ಕಂಬಸಾಲು ಮೂವತ್ತು. ಜಗಳದ ಬಗ್ಗೆ ಆಕೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ.

ಮೇಡಂ ಬೇಸರಪಟ್ಟುಕೊಂಡರು. "ಇದು ಬಂದ್ಮೇಲೆ ಪ್ರಪಂಚ ಎಲ್ಲ ಒಂದೇ ಊರಾಗುತ್ತೆ ಅಂದಿದ್ರಲ್ಲ ಸರ್ ಪೇಪರಲ್ಲಿ."

"ಒಂದೇ ಊರಾದ್ರೆ ಇನ್ನೂ ಕಷ್ಟ ಮೇಡಂ," ಎಂದೆ. "ನನ್ನ ಸರ್ವಿಸ್ಸಲ್ಲಿ ದೂರದೋರು ಜಗಳ ಆಡಿದ್ದು ನೋಡಿಲ್ಲ. ಎಲ್ಲಾ ಪಕ್ಕದ ಹೊಲದೋರೇ."

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಆ ಅರವತ್ತು ಪತ್ರಗಳನ್ನು ಒಂದೊಂದಾಗಿ ಅಳಿಸಿ, ಒಂದನ್ನು ಮಾತ್ರ ಉಳಿಸಿದರು.

ಏಪ್ರಿಲ್ ಕೊನೆಗೆ ನನ್ನ ಹಾಳೆ ಪೂರ್ತಿಯಾಯಿತು. ಪಡುವಲೂರು ಕೆರೆ ಏರಿಯ ಬಡಗಣ ತುದಿಯ ಹಳೆಯ ಕಟ್ಟೆಗಲ್ಲು ಅಂದೂ ಇತ್ತು, ಇಂದೂ ಇದೆ. ಅಲ್ಲಿಂದ ಆ ಕಪ್ಪು ಚೌಕಕ್ಕೆ ನಕ್ಷೆಯಲ್ಲಿ ನಾಲ್ಕೂವರೆ ಅಂಗುಲ. ನಮ್ಮ ಸರಪಳಿ ಮೂವತ್ತಮೂರು ಅಡಿಯದು. ಒಂದು ಅಂಗುಲವೆಂದರೆ ಕಾಲು ಮೈಲಿ, ನಲವತ್ತು ಸರಪಳಿ. ಅಂದರೆ ನೂರ ಎಂಬತ್ತು ಸರಪಳಿ. ನಾನೂ ಇಲಾಖೆಯ ಆಳೂ ಅಷ್ಟು ದೂರ ಅಳೆದುಕೊಂಡು ಹೋಗಿ ನಿಂತೆವು. ಕಾಲ ಕೆಳಗೆ ಹಾಸುಬಂಡೆ. ಅಲ್ಲಿ ಯಾವ ಕಾಲದಲ್ಲೂ ಯಾರೂ ಕಾಲುವೆ ತೋಡಿರಲು ಸಾಧ್ಯವಿರಲಿಲ್ಲ. ಬಂಡೆಯ ಮೇಲೆ ಓತಿಕ್ಯಾತವೊಂದು ತಲೆ ಆಡಿಸುತ್ತ ನನ್ನನ್ನೇ ನೋಡುತ್ತಿತ್ತು.

ಮೂರು ತಿಂಗಳ ಕೆಲಸ. ಅಂದು ಬಸ್ಸಿನಲ್ಲಿ ಬರುವಾಗ ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಜಕ್ಕನಹಳ್ಳಿ ದಾಟುವಾಗ ಒಂದು ಯೋಚನೆ ಬಂತು. ಆಕೆ ನಕ್ಷೆಯ "ಪ್ರತಿ"ಯ ಮೇಲೆ ಎಂದು ಬರೆದಿದ್ದರಲ್ಲವೇ? ಮೂಲದ ಮೇಲೆ ಯಾಕೆ ಹಾಳೆ ಹಾಸಲಿಲ್ಲ? ಮರುದಿನವೇ ಕೇಳಿ ಬರೆಸಿದೆ. ಮೂಲ ನಕ್ಷೆಯ ಮೇಲೆ ಏನನ್ನೂ ಇಡಲು ಅಲ್ಲಿ ಬಿಡುವುದಿಲ್ಲ, ಅಳತೆಯೆಲ್ಲ ಜೆರಾಕ್ಸ್ ಪ್ರತಿಯ ಮೇಲೆ ಮಾಡಿದ್ದು ಎಂದು ಉತ್ತರ ಬಂತು. ನಕ್ಷೆಯ ಕೆಳಗಡೆ ಒಂದು ಮೈಲಿ ಎಂದು ಗೆರೆ ಎಳೆದಿರುತ್ತಾರಲ್ಲ, ಆ ಪ್ರತಿಯಲ್ಲಿ ಅದು ಎಷ್ಟು ಉದ್ದವಿದೆ ಎಂದು ಮತ್ತೆ ಕೇಳಿದೆ. ನಾಲ್ಕು ಅಂಗುಲ ಇರಬೇಕಾದದ್ದು ಮೂರೂ ಮುಕ್ಕಾಲು ಇತ್ತು. ಯಂತ್ರ ನಕ್ಷೆಯನ್ನು ಸ್ವಲ್ಪ ಕುಗ್ಗಿಸಿತ್ತು. "ಮೊದಲ ದಿನವೇ ನೋಡಬೇಕಿತ್ತು, ಮಕ್ಕಳಿಗೆ ಇದನ್ನೇ ಕಲಿಸುತ್ತಿದ್ದೆ, ನನ್ನನ್ನು ಕ್ಷಮಿಸಿ" ಎಂದು ಆಕೆ ಬರೆದಿದ್ದರು. ನಾನೂ ಅದನ್ನೇ ಬರೆದಿದ್ದೆ, ಮೊದಲ ದಿನವೇ ಕೇಳಬೇಕಿತ್ತು ಎಂದು. ಎರಡು ಪತ್ರಗಳೂ ದಾರಿಯಲ್ಲಿ ಒಂದನ್ನೊಂದು ಹಾದುಹೋಗಿದ್ದವು.

ಲೆಕ್ಕ ತಿದ್ದಿದರೆ ನೂರ ತೊಂಬತ್ತೆರಡು ಸರಪಳಿ. ಹಾಸುಬಂಡೆಯಿಂದ ಹನ್ನೆರಡು ಸರಪಳಿ, ಅಂದರೆ ಸುಮಾರು ನಾನೂರು ಅಡಿ ಮುಂದೆ.

ಮೇಲಧಿಕಾರಿಗೆ ಹೇಳಿದೆ. ಅವರು ಒಳ್ಳೆಯವರೇ. ತಾಳ್ಮೆಯಿಂದ ಕೇಳಿ, "ಇದನ್ನ ವರದೀಲಿ ಹೇಗ್ರಿ ಬರೆಯೋದು?" ಎಂದರು. "ಕಂಪ್ಯೂಟರಲ್ಲಿ ಯಾರೋ ಹೇಳಿದ್ರು ಅಂತ ಸಾಕ್ಷಿ ಆಗುತ್ತಾ? ದಾಖಲೆ ಲಭ್ಯವಿಲ್ಲ ಅಂತ ಬರೆದು ಮುಗಿಸಿ. ನಿಮ್ಮ ತಪ್ಪೇನೂ ಇಲ್ವಲ್ಲ."

ನಿಜ, ನನ್ನ ತಪ್ಪು ಏನೂ ಇರಲಿಲ್ಲ. ಆ ವರದಿ ಬರೆಯಲು ಕಾಲು ಗಂಟೆ ಸಾಕಿತ್ತು. ಹಾಳೆ ತೆಗೆದು ಬರೆಯಲು ಕೂತೆ ಕೂಡ. ದಿನಾಂಕ ಹಾಕಿದೆ, ಎರಡೂರುಗಳ ಹೆಸರು ಬರೆದೆ. ಮುಂದಿನ ಪದಕ್ಕೆ ಪೆನ್ನು ಹೋಗಲಿಲ್ಲ. ಸಂಬಂಧವೇ ಇಲ್ಲದ ಒಬ್ಬರು ಹಿಮದಲ್ಲಿ ರೈಲು ಹತ್ತಿ ಹೋಗಿ ನಮ್ಮ ಹಳ್ಳವನ್ನು ಚೌಕ ಚೌಕವಾಗಿ ಓದಿದ್ದರು. ಸಂಬಳ ತೆಗೆದುಕೊಳ್ಳುವ ನಾನು ಲಭ್ಯವಿಲ್ಲ ಎಂದು ಬರೆಯುವುದೇ? ಹಾಳೆ ಮಡಚಿಟ್ಟು ಬಸ್ಸು ಹತ್ತಿದೆ. ಅಗೆದು ನೋಡಿಬಿಡುವುದು ಎಂದು ತೀರ್ಮಾನಿಸಿದ್ದೆ. ಅಗೆಯುವುದಾದರೆ ಎರಡೂ ಊರು ಒಟ್ಟಿಗೇ ಅಗೆಯಬೇಕು, ಇಲ್ಲದಿದ್ದರೆ ಏನು ಸಿಕ್ಕರೂ ಇನ್ನೊಬ್ಬರು ನಂಬುವುದಿಲ್ಲ.

ಎರಡೂರುಗಳ ನಡುವಿನ ಹೊಂಗೆ ಮರದ ಕೆಳಗೆ ಸೇರಿಸಿದೆ. ಹತ್ತಿಪ್ಪತ್ತು ಜನ ಆ ಕಡೆ, ಅಷ್ಟೇ ಜನ ಈ ಕಡೆ, ನಡುವೆ ನಾನು. ಚೌಕುಳಿ ಹಾಳೆ ಹರಡಿ, ಆಕೆಯ ಬಗ್ಗೆ ಹೇಳಿದೆ. ಆಮೇಲೆ ಡೈರಿ ಸೆಕ್ರೆಟರಿ ಎದ್ದರು.

"ಅಲ್ಲ ಸಾರ್, ಆ ಯಮ್ಮಂಗೆ ಏನ್ ಸಿಗ್ತದೆ ಇದ್ರಲ್ಲಿ? ಯಾರೂ ಸುಮ್ಸುಮ್ಕೆ ಮಾಡಾಕಿಲ್ಲ. ಮೂಡಲೂರೋರು ಏನಾರ ಕೈ ಆಡ್ಸವ್ರಾ ಅಂತ."

ಆ ಕಡೆಯಿಂದಲೂ ಒಬ್ಬ ಕೂಗಿದ. "ನಾವ್ ಕೇಳ್ಬೇಕು ಕಣ್ಲಾ ಅದ! ಪೆನ್ನು ಮಡಿಕಂಡಿರೋನು ನೀನು!"

ನಾನು ಅವರನ್ನು ಸುಮ್ಮನಾಗಿಸಿ, ಅದೇ ಪ್ರಶ್ನೆಯನ್ನು ಆಕೆಗೆ ಕೇಳಿ ಬರುತ್ತೇನೆ ಎಂದೆ. ನಿಜವಾಗಿ ಕೇಳಿದೆ. ಬರೆಯುವಾಗ ನಾಚಿಕೆಯಾಯಿತು. ಮೂರು ದಿನದಲ್ಲಿ ಉತ್ತರ ಬಂತು. ಅದನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ ಅದೇ ಮರದ ಕೆಳಗೆ ಓದಿದೆ.

"ಯಾಕೆ ಎಂದು ಕೇಳಿದ್ದಾರೆ. ಎರಡು ದಿನ ಯೋಚಿಸಿದೆ, ಹೇಳುವಂಥ ಕಾರಣ ಸಿಗಲಿಲ್ಲ. ನೀವು ಕೇಳಿದಿರಿ, ನನಗೆ ಬಿಡುವಿತ್ತು. ಮೂಲ ನಕ್ಷೆಯಲ್ಲಿ ನಿಮ್ಮ ಎರಡು ಕೆರೆಗಳ ನೀಲಿ ಇನ್ನೂ ನಿನ್ನೆ ಹಚ್ಚಿದ ಹಾಗಿದೆ. ಯಾರೋ ಬಹಳ ಜೋಪಾನವಾಗಿ ಹಚ್ಚಿದ್ದಾರೆ. ಎರಡಕ್ಕೂ ಒಂದೇ ನೀಲಿ."

ಗಾಳಿಗೆ ಹೊಂಗೆ ಹೂವು ಉದುರುತ್ತಿತ್ತು. ಸೆಕ್ರೆಟರಿ ಗೊಣಗಿದರು, "ಇದೇನ್ ಉತ್ರ ಆಯ್ತಾ?"

ಆಗ ಮೂಡಲೂರಿನ ಯಜಮಾನರು ಕೂತಲ್ಲಿಂದಲೇ ಅವರ ಕಡೆ ತಿರುಗಿದರು. "ಲೇ, ಬ್ಯಾಸಗೇಲಿ ನಿಮ್ಮಪ್ಪ ಆ ದಾರೀಲಿ ಅರವಟ್ಗೆ ಇಡ್ತಿದ್ನಲ್ಲ, ಮಜ್ಗೆ, ನೀರು. ಓಗೋ ಬರೋರ್ಗೆಲ್ಲ ಕೊಡ್ತಿದ್ದ. ನಾನೂ ಕುಡ್ದಿವ್ನಿ. ಏನ್ ಆಸೆಗ್ ಇಡ್ತೀಯಪ್ಪ ಅಂತ ಯಾರಾರ ಕೇಳಿದ್ರಾ ಅವ್ನ?"

ನಾಲ್ಕು ವರ್ಷದಲ್ಲಿ ಆ ಇಬ್ಬರು ಮುಖ ನೋಡಿ ಮಾತಾಡಿದ್ದು ಅದೇ ಮೊದಲಂತೆ. "ಇಲ್ಲ ಬುಡು ದೊಡ್ಡಪ್ಪ," ಎಂದರು ಸೆಕ್ರೆಟರಿ.

ಮೇ ತಿಂಗಳ ಒಂದು ಬೆಳಗ್ಗೆ ಸರಪಳಿ ಬಿಚ್ಚಿದೆವು. ಇಲಾಖೆಯ ಆಳನ್ನು ನೆರಳಿಗೆ ಕೂರಿಸಿ, ಸರಪಳಿಯ ಒಂದು ತುದಿಯನ್ನು ಮೂಡಲೂರಿನವನ ಕೈಗೆ, ಇನ್ನೊಂದನ್ನು ಪಡುವಲೂರಿನವನ ಕೈಗೆ ಕೊಟ್ಟೆ. ಎರಡೂ ಕಡೆಯವರು ಗಟ್ಟಿಯಾಗಿ ಎಣಿಸುತ್ತ ಬಂದರು. ಒಂದು ಕಡೆಯವರು ತೊಂಬತ್ತು ಎಂದಾಗ ಇನ್ನೊಂದು ಕಡೆಯವರು ತೊಂಬತ್ತೊಂದು ಎಂದರು. ಕೂಗಾಟವಾಯಿತು. ಪ್ರತಿ ಸರಪಳಿಗೂ ನೆಲಕ್ಕೆ ಚುಚ್ಚುವ ಎಣಿಕೆಯ ಕಡ್ಡಿಗಳನ್ನು ನೋಡಿ ತೀರಿಸಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಎಲ್ಲರನ್ನೂ ಏರಿಯ ತುದಿಗೆ ವಾಪಸು ಕರೆದುಕೊಂಡು ಹೋಗಿ ಮೊದಲಿನಿಂದ ಶುರು ಮಾಡಿದೆ. ಬಿಸಿಲು ಏರಿತ್ತು. ಎರಡನೆಯ ಸಲ, ಮತ್ತೆ ನಡೆಯುವ ಭಯಕ್ಕೋ ಏನೋ, ಒಬ್ಬರ ದನಿಗೆ ಇನ್ನೊಬ್ಬರು ಕಾದು ಎಣಿಸಿದರು. ನೂರು ದಾಟುವ ಹೊತ್ತಿಗೆ ಅದು ರಾಗಿ ಬೀಸುವ ಹಾಡಿನ ಹಾಗೆ ಕೇಳುತ್ತಿತ್ತು. ನೂರ ತೊಂಬತ್ತೆರಡಕ್ಕೆ ನಿಂತ ಕಡೆ ಎದೆಯೆತ್ತರದ ಲಂಟಾನ.

ಪೊದೆ ಸವರಿ ಅಗೆದರು. ಮೊದಲ ದಿನ ಮರಳು ಬಿಟ್ಟು ಏನೂ ಸಿಗಲಿಲ್ಲ. ಸಂಜೆ ಯಾರೂ ನನ್ನ ಮುಖ ನೋಡಲಿಲ್ಲ. ಎರಡನೆಯ ದಿನ ಗುಂಡಿಯನ್ನು ಗುಡ್ಡದ ಕಡೆಗೆ ಅಗಲ ಮಾಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಹಾರೆ ಠಣ್ ಎಂದಿತು. ಹಾರೆ ಹಿಡಿದಿದ್ದವನು ಸೆಕ್ರೆಟರಿಯ ತಮ್ಮ, ಹಿಂದಿನ ವರ್ಷ ತೋಳು ಮುರಿದುಕೊಂಡಿದ್ದವನು. ಅವನು ಹಾರೆ ಬಿಟ್ಟು ಕೈಯಿಂದಲೇ ಮಣ್ಣು ಬಾಚತೊಡಗಿದ. ಮೂಡಲೂರಿನ ಕಡೆಯಿಂದ ಇನ್ನಿಬ್ಬರು ಗುಂಡಿಗೆ ಇಳಿದರು.

ಆಳೆತ್ತರದ ಕರಿಕಲ್ಲು, ಅಡ್ಡಲಾಗಿ ಮಲಗಿಸಿದ್ದು. ಅದರ ಮೇಲಂಚಿನಲ್ಲಿ ಎರಡು ಬಾಯಿ ಕೊರೆದಿದ್ದರು. ಮೂಡಲ ಕಡೆಯದು ಒಂದೇ ಗೇಣು ಅಗಲ, ಆದರೆ ಆಳ. ಪಡುವಲ ಕಡೆಯದು ಮೂರು ಗೇಣು ಅಗಲ, ಅದರ ತಳ ಮಾತ್ರ ಮೂಡಲದ್ದಕ್ಕಿಂತ ಆರು ಬೆರಳು ಎತ್ತರದಲ್ಲಿತ್ತು. ನಾನು ಅಳತೆ ಬರೆದುಕೊಳ್ಳುತ್ತಿದ್ದೆ. ಬರೆದು ಮುಗಿಸಿದ ಮೇಲೆ ಅರ್ಥವಾಯಿತು. ನೀರು ಕಡಿಮೆ ಬಂದರೆ ಕಿರಿದಾದ ಬಾಯಿಯಿಂದ ಮೂಡಲೂರಿಗೆ. ಹೊಳೆಯಾಗಿ ಬಂದರೆ ಅಗಲದ ಬಾಯಿಯಿಂದ ಪಡುವಲೂರಿಗೆ ಹೆಚ್ಚು. ಮೊದಲ ನೀರು ಅವರದು, ದೊಡ್ಡ ನೀರು ಇವರದು. ಎರಡೂ ಊರಿನ ತಾತಂದಿರು ನಿಜವನ್ನೇ ಹೇಳಿದ್ದರು. ಪ್ರತಿ ಊರೂ ಅರ್ಧ ಮಾತನ್ನು ಇಟ್ಟುಕೊಂಡಿತ್ತು.

ಹೇಳಿದೆ. ಬಾಯಿಮಾತಿಗೆ ಯಾರೂ ಹೂಂ ಎನ್ನಲಿಲ್ಲ. ಆಗ ಸೌದೆ ಹೊರೆಯ ಆ ಹೆಣ್ಣುಮಗಳು, ಅಗೆಯುವವರಿಗೆ ಕುಡಿಯಲು ತಂದಿದ್ದ ನೀರಿನ ಕೊಡವನ್ನು ಎತ್ತಿಕೊಂಡು ಗುಂಡಿಗೆ ಇಳಿದಳು. ಕಲ್ಲಿನ ಹಿಂದೆ ನಿಧಾನವಾಗಿ ಸುರಿದಳು. ಮಣ್ಣು ಕುಡಿಯಿತು. ಇನ್ಯಾರೋ ಒಬ್ಬರು ಕೊಡ ತಂದರು, ಮತ್ತೊಬ್ಬರು ತಂದರು. ಹಸಿ ಮಣ್ಣಿನ ಮೇಲೆ ನೀರು ನಿಂತು, ತುಸು ಏರಿ, ಕಿರಿದಾದ ಬಾಯಿಯಿಂದ ಒಂದು ಎಳೆಯಾಗಿ ಮೂಡಲ ಕಡೆ ಇಳಿಯಿತು. ಇನ್ನಷ್ಟು ಕೊಡಗಳು. ನೀರು ಏರಿ ಅಗಲದ ಬಾಯಿಯನ್ನು ಮುಟ್ಟಿ, ಹಾಸಿದ ಬಟ್ಟೆಯಂತೆ ಪಡುವಲಕ್ಕೆ ಜಾರಿತು. ಎರಡೂ ಒಟ್ಟಿಗೆ ಹರಿದದ್ದು ಒಂದು ನಿಮಿಷ ಇರಬಹುದು. ನಲವತ್ತು ಜನ ಬಗ್ಗಿ ನೋಡಿದರು.

ಯಜಮಾನರು ಕಲ್ಲಿನ ಮೇಲೆ ಕೈಯಿಟ್ಟು, "ತಂಪಗದೆ," ಎಂದರು. ಅಷ್ಟೇ.

ಆ ಹೆಣ್ಣುಮಗಳು ಗುಂಡಿಯಿಂದ ಹತ್ತಿ ಬಂದಳು. ಬರಿಗೊಡವನ್ನು ಸೊಂಟಕ್ಕಿಟ್ಟುಕೊಂಡು ಒಮ್ಮೆ ತನ್ನ ಊರಿನವರ ಕಡೆ ನೋಡಿದಳು. ಯಾರೂ ಬೇಡ ಎನ್ನಲಿಲ್ಲ. ಅವಳು ಮೂಡಲ ದಿಕ್ಕಿಗೆ, ಆ ಎರಡು ತೆಂಗಿನ ಮರಗಳ ಕಡೆಗೆ ನಡೆಯತೊಡಗಿದಳು. ಮೊದಲು ನಿಧಾನವಾಗಿ, ಆಮೇಲೆ ಬೇಗ.

ಮಹಜರಿನಲ್ಲಿ ಸ್ಥಳದಲ್ಲಿ ಕಲ್ಲು ಕಂಡುಬಂದಿದೆ ಎಂದು ಬರೆದೆ. ಎರಡೂ ಊರಿನ ಹತ್ತು ಹತ್ತು ಜನ ಸಹಿ, ಹೆಬ್ಬೆಟ್ಟು ಹಾಕಿದರು. ಹೇಗೆ ಸಿಕ್ಕಿತು ಎಂದು ಮೇಲಧಿಕಾರಿ ಕೇಳಿದಾಗ "ಅಗೆದೆವು ಸಾರ್" ಎಂದೆ. ಅವರು ನನ್ನನ್ನು ನೋಡಿ ಸಹಿ ಮಾಡಿದರು. ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೂಳು ಎತ್ತುವ ಸರದಿಗೆ ಜುಲೈನಲ್ಲಿ ಮತ್ತೆ ಮಾತು ಬೆಳೆಯಿತು. ಕಣ್ಣು ಕಳೆದುಕೊಂಡವನು ಇಂದಿಗೂ ಪಡುವಲೂರಿಗೆ ಕಾಲಿಟ್ಟಿಲ್ಲ. ಅವನನ್ನು ಯಾರೂ ಒತ್ತಾಯ ಮಾಡಿಲ್ಲ. ಉತ್ತರೆ ಮಳೆಯಲ್ಲಿ ನೀರು ಬಂತು. ಯಾರೂ ಗುದ್ದಲಿ ಹಿಡಿದು ಓಡಲಿಲ್ಲ.

ಇಂಗ್ಲೆಂಡಿಗೆ ಎಲ್ಲವನ್ನೂ ವಿವರವಾಗಿ ಬರೆದೆ. ಬಳಗಕ್ಕೂ ನಾಲ್ಕು ಸಾಲು ಹಾಕಿದೆ. ಅಲ್ಲಿ ಆಗ ಬೇರೇನೋ ಜಗಳ ನಡೆದಿತ್ತು. ನನ್ನ ಪತ್ರಕ್ಕೆ ಬಂದದ್ದು ಒಂದೇ ಉತ್ತರ, ಕೆನಡಾದ ಯಾರೋ ಒಬ್ಬರದು. ತಮ್ಮ ಮನೆತನದ ಒಬ್ಬ ಹೆಂಗಸು ಶ್ರೀರಂಗಪಟ್ಟಣದಲ್ಲಿ ತೀರಿಕೊಂಡಳಂತೆ, ದಂಡಿನವನ ಹೆಂಡತಿ. ಸಮಾಧಿ ಇದ್ದರೆ ಅದರ ಮೇಲೆ ಏನು ಬರೆದಿದೆ ಎಂದು ನೋಡಿ ಹೇಳಬಹುದೇ, ನೀವು ಹತ್ತಿರದಲ್ಲೇ ಇರುವವರಂತೆ ಕಾಣುತ್ತದೆ.

ಮುಂದಿನ ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ಹೋದೆ. ಹೊಳೆಯ ದಡದ ಹಳೆಯ ಇಂಗ್ಲಿಷರ ಸಮಾಧಿಗಳ ಜಾಗ. ಹೊಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಮಂಜು ಇನ್ನೂ ನೀರಿನ ಮೇಲಿತ್ತು. ಒಬ್ಬ ವಯಸ್ಸಾದ ಹೆಂಗಸು ಅಲ್ಲಿ ಮೇಕೆ ಮೇಯಿಸುತ್ತಿದ್ದಳು. ಏನು ಹುಡುಕುತ್ತಿದ್ದೇನೆಂದು ಕೇಳಿ, ಕುಡುಗೋಲು ಹಿಡಿದು ಅವಳೇ ಮುಂದೆ ಹೊರಟಳು. ಹನ್ನೆರಡೋ ಹದಿಮೂರೋ ಕಲ್ಲು ನೋಡಿದ ಮೇಲೆ, ಬಳ್ಳಿ ಸರಿಸಿದಾಗ ಆ ಹೆಸರು ಸಿಕ್ಕಿತು. ಅಕ್ಷರಗಳು ಸವೆದಿದ್ದವು. ನಾನು ಹಾಳೆ ಹಾಸಿ ಪೆನ್ಸಿಲಿನಿಂದ ಉಜ್ಜಿದೆ, ಅವಳು ಗಾಳಿಗೆ ಹಾರದಂತೆ ಎರಡು ಮೂಲೆ ಹಿಡಿದುಕೊಂಡಳು. ನಿಧಾನವಾಗಿ ಅಕ್ಷರಗಳು ಎದ್ದವು.

"ಏನಂತ ಬರ್ದವ್ರೆ ಸಾ?"

"ಇಪ್ಪತ್ತೊಂದು ವರ್ಷದ ಹೆಂಗಸು. ಜೊತೆಗೆ ಆರು ದಿನದ ಮಗು."

ಅವಳು ಹಾಳೆಯ ಮೂಲೆ ಬಿಡಲಿಲ್ಲ. "ಬಾಣಂತಿ," ಎಂದಳು. "ಯಾವೂರ್ ಮಗ್ಳೋ, ಎಲ್ ಬಂದು ಕಣ್ ಮುಚ್ಚುದ್ಲೋ." ಸೆರಗಿನ ತುದಿಯನ್ನು ಇಬ್ಬನಿಯ ಹುಲ್ಲಿಗೆ ಒತ್ತಿ ಒದ್ದೆ ಮಾಡಿಕೊಂಡು ಕಲ್ಲಿನ ಮುಖವನ್ನು ಒರೆಸಿದಳು, ಮಗುವಿನ ಬಾಯಿ ಒರೆಸುವ ಹಾಗೆ. ಆಮೇಲೆ ಮೇಲೆ ನೋಡಿದಳು. ಅಲ್ಲೊಂದು ದೊಡ್ಡ ಮರವಿತ್ತು.

"ಅವ್ರ್ ಕಡೇರ್ಗೆ ಕಾಗ್ದ ಬರೀತೀರಲ್ಲ, ಇದ್ನೂ ಬರೀರಿ ಸಾ. ಮರ ಅದೆ, ನೆರ್ಳದೆ, ಬಿಸ್ಲು ಬೀಳಾಕಿಲ್ಲ ಅಂತ."

ಮಧ್ಯಾಹ್ನ ಪಾಂಡವಪುರಕ್ಕೆ ಬಂದು ಮೇಡಂ ಪಕ್ಕದಲ್ಲಿ ಕೂತೆ. ಕಲ್ಲಿನ ಮೇಲಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದೆ. ಅವರು ಟೈಪು ಮಾಡಿದರು. ಕೊನೆಯಲ್ಲಿ ಆ ಹೆಂಗಸಿನ ಮಾತನ್ನೂ ಹೇಳಿದೆ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಇಬ್ಬರೂ ಬಹಳ ಹೊತ್ತು ಯೋಚಿಸಿದೆವು.